ತರೀಕೆರೆಯಿಂದ ತಂದ ಸುತ್ತಿಗೆ

ಅಜ್ಜಂಪುರದಲ್ಲಿ ನಮ್ಮ ಮನೆಯ ಗೋಡೆಗಳು ಎದ್ದು, ಮೇಲೆ ಮಾಡು ಹೊರುವ ಪಕಾಸಿ ತೊಲೆಗಳನ್ನೆಲ್ಲ ಏರಿಸಿ ಆದ ಮೇಲೆ, ಮರಗೆಲಸ ಹಿಡಿದಿದ್ದ ಆಚಾರಿಯವರು ಗಾಡಿ ಮಗುಚಿ ಬಲಗೈ ಮುರಿದುಕೊಂಡರು. ಆಣೆಗಳು ಹೋಗಿ ನಯಾಪೈಸೆ ಬಂದಿದ್ದ ಹೊಸತು ಅದು. ನಮ್ಮ ಯಜಮಾನರು ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಬಾಡಿಗೆ ಮನೆಯಲ್ಲಿ ಅವರು, ನಾನು, ನಮ್ಮತ್ತೆ, ಮೂರೇ ಜನ. ಅತ್ತೆಯವರಿಗೆ ಸ್ವಂತ ಸೂರಿನಡಿ ಮಲಗಬೇಕೆಂಬ ಆಸೆ ಬಹಳ ದಿನದ್ದು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ, ಅಷ್ಟರ ಮನೆ.

ಗೋಡೆ ಹಸಿ ಇಟ್ಟಿಗೆಯದು. ಮೇಲೆ ಹೆಂಚು ಕೂರುವ ಮೊದಲೇ ಮಳೆ ಬಿದ್ದರೆ ಗೋಡೆ ಕರಗಿ ಕೆಳಗಿಳಿಯುತ್ತದೆ. ಮಂಗಳೂರು ಹೆಂಚು ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಗಾಡಿಯಲ್ಲಿ ಬಂದು, ಬೇವಿನ ಮರದ ಕೆಳಗೆ ಕೆಂಪಗೆ ಪೇರಿಸಿಕೊಂಡು ಕೂತಿತ್ತು. ಉಳಿದಿದ್ದ ಕೆಲಸವೆಂದರೆ ರೀಪು ಹೊಡೆಯುವುದು. ಪಕಾಸಿಗಳ ಮೇಲೆ ಅಡ್ಡಡ್ಡಕ್ಕೆ ಬಡಿಯುವ ಮರದ ಪಟ್ಟಿಗಳೇ ರೀಪು. ಹೆಂಚು ತನ್ನ ಹಿಂಭಾಗದ ಮೂಗನ್ನು ಅದಕ್ಕೆ ಸಿಕ್ಕಿಸಿಕೊಂಡು ಕೂರುತ್ತದೆ. ಮತ್ತಿ ಮರದ ರೀಪುಗಳು ಕೊಯ್ದು ಸಿದ್ಧವಾಗಿದ್ದವು. ಅವನ್ನು ಹೊಡೆಯಬೇಕಾದ ಕೈ ಮಾತ್ರ ಬಿದಿರುದಬ್ಬೆಯ ಕಟ್ಟಿನೊಳಗೆ ಕೊರಳಿಗೆ ಜೋತುಬಿದ್ದಿತ್ತು.

ಊರಿನಲ್ಲಿ ಬೇರೆ ಆಚಾರಿಗಳು ಇರಲಿಲ್ಲವೆಂದಲ್ಲ. ಮಳೆಗೆ ಮುಂಚೆ ಎಲ್ಲರ ಮನೆಯ ಮಾಡೂ ರಿಪೇರಿಗೆ ಬರುತ್ತದೆ. ಯಾರನ್ನು ಕೇಳಿದರೂ "ಇದೊಂದ್ ಮುಗಿಸ್ಕಂಡ್ ಬತ್ತೀನಿ ಮೇಷ್ಟ್ರೇ" ಎನ್ನುವರು, ಆ ಒಂದು ಮುಗಿಯುತ್ತಲೇ ಇರಲಿಲ್ಲ. ಕೊನೆಗೆ ನಮ್ಮ ಯಜಮಾನರು ಒಂದು ಸಂಜೆ ಊಟಕ್ಕೆ ಕೂತಾಗ, "ಮೊಳೆ ಹೊಡ್ಯಾದು ಏನ್ ಮಹಾ ವಿದ್ಯೆ. ನಾವೇ ಹೊಡ್ಯಾಣ ಬಿಡು" ಎಂದರು. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಮಗನ ಕೈಯನ್ನೇ ನೋಡಿದರು. ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿದು ಗೊತ್ತಿರದ ಕೈ ಅದು.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ಯಜಮಾನರು ರೈಲು ಹತ್ತಿ, ಬೀರೂರು ದಾಟಿ, ಕಡೂರಿಗೆ ಹೋದರು. ಅಲ್ಲಿ ಅವರ ಸ್ನೇಹಿತರೊಬ್ಬರಿದ್ದರು, ತೆಂಗಿನಕಾಯಿ ವ್ಯಾಪಾರದವರು. ಇಬ್ಬರೂ ಸೇರಿ ಅಂಗಡಿಗೆ ಹೋಗಿ, ಸುತ್ತಿಗೆ ಬಲವಾದದ್ದೇ ಬೇಕು ಎಂದು ಕೇಳಿ, ಬಲವಾದದ್ದನ್ನೇ ತಂದರು. ಮರುದಿನ ಅದನ್ನು ಚೀಲದಿಂದ ತೆಗೆದು ಜಗಲಿಯ ಮೇಲೆ ಇಟ್ಟಾಗ ದೊಪ್ಪೆಂದು ಸದ್ದಾಯಿತು. ಅದರ ತಲೆ ನನ್ನ ಮುಷ್ಟಿಗಿಂತ ದೊಡ್ಡದು. ಜೊತೆಗೆ ತಂದ ಮೊಳೆಗಳು ನಾಲ್ಕಿಂಚಿನವು.

"ಇದು ಕಲ್ಲು ಒಡ್ಯಾದಲ್ವೇನೋ" ಎಂದರು ಅತ್ತೆ.

"ಮೊಳೆ ದೊಡ್ದಾದಷ್ಟೂ ಗಟ್ಟಿ ಕಣಮ್ಮ. ಮೊಳೆ ದೊಡ್ದಾದ್ರೆ ಸುತ್ತಿಗೇನೂ ದೊಡ್ದಾಗ್ಬೇಕಲ್ಲ."

ಮಾತಿನಲ್ಲಿ ತಪ್ಪಿರಲಿಲ್ಲ. ಏಣಿ ಹಾಕಿ ಮೇಲೆ ಹೋದರು. ನಾನು ಕೆಳಗಿನಿಂದ ರೀಪು ಎತ್ತಿಕೊಟ್ಟೆ. ಮೊದಲನೆಯ ಮೊಳೆ ಅರ್ಧ ಇಳಿಯುವಷ್ಟರಲ್ಲಿ ರೀಪು ತುದಿಯಿಂದ ಒಂದು ಗೇಣಿನವರೆಗೆ ಸೀಳಿತು. ಎರಡನೆಯದಕ್ಕೆ ಇನ್ನೂ ಉದ್ದ ಸೀಳಿತು. ಮೂರನೆಯದು ಮರಕ್ಕೆ ಬೀಳಲೇ ಇಲ್ಲ, ಅವರ ಹೆಬ್ಬೆರಳಿಗೆ ಬಿತ್ತು. ಅವರು ಕೂಗಲಿಲ್ಲ, ಪಾಪ. ಸುತ್ತಿಗೆಯನ್ನು ಮೆಲ್ಲಗೆ ಪಕಾಸಿಯ ಮೇಲಿಟ್ಟು, ಬೆರಳನ್ನು ಬಾಯಿಗಿಟ್ಟುಕೊಂಡು, ಸ್ಟೇಷನ್ನಿನ ಕಡೆ ನೋಡುತ್ತ ಕೂತರು. ನಾನು ಸೊಪ್ಪು ಅರೆದು ಕಟ್ಟಿದೆ.

ಆಮೇಲೆ ಪಕ್ಕದ ಬೀದಿಯ ಅಕ್ಕಸಾಲಿಗರ ಮನೆಯಿಂದ ಒಂದು ಸುತ್ತಿಗೆ ಬಂತು. ಮೂಗುತಿಗೆ ತಕ್ಕ ಸುತ್ತಿಗೆ. ಅದರಿಂದ ಹೊಡೆದರೆ ಮೊಳೆಗೆ ಸೊಳ್ಳೆ ಕೂತಷ್ಟೂ ಆಗುತ್ತಿರಲಿಲ್ಲ. ಅದನ್ನು ಅರಿಶಿನ ಕುಂಕುಮದ ಜೊತೆ ಹಿಂದಿರುಗಿಸಿ ಬಂದೆ. ಕೈ ಮುರಿದ ಆಚಾರಿಯವರನ್ನು ಕೇಳಿದರೆ, "ನಂದೇ ತಗಂಡ್ ಹೋಗಿ" ಎಂದು ತಮ್ಮದನ್ನೇ ಕೊಟ್ಟರು. ಅವರ ಸುತ್ತಿಗೆಯ ಕಾವು ಅವರ ಅಂಗೈಗೆ ಸವೆದು ಸವೆದು ಒಂದು ಕಡೆ ತಗ್ಗಾಗಿತ್ತು. ಯಜಮಾನರ ಕೈಗೆ ಅದು ಪ್ರತಿ ಏಟಿಗೂ ತಿರುಗಿಕೊಳ್ಳುತ್ತಿತ್ತು. ಮೊಳೆಗಳು ಕೊಕ್ಕೆಗಳಾಗಿ ಬಗ್ಗಿದವು.

ಸೋಮವಾರ ಅವರು ಸ್ಕೂಲಿಗೆ ಹೋದ ಮೇಲೆ ನಾನು ಹೊಸ ಮನೆಯ ಕಸ ಗುಡಿಸಲು ಹೋದೆ. ಒಡೆದ ರೀಪಿನ ತುಂಡೊಂದು ಬಿದ್ದಿತ್ತು, ಆಚಾರಿಯವರ ಡಬ್ಬಿಯಲ್ಲಿ ಸಣ್ಣ ಮೊಳೆಗಳು ಒಂದಷ್ಟಿದ್ದವು. ಯಾರೂ ಇರಲಿಲ್ಲ. ಕೂತು ಆಚಾರಿಯವರ ಸುತ್ತಿಗೆಯಿಂದಲೇ ಒಂದು ಮೊಳೆ ಹೊಡೆದೆ.

ಇಲ್ಲಿ ನಮ್ಮ ತವರಿನ ವಿಷಯ ಒಂದು ಮಾತು ಹೇಳಬೇಕು. ತವರು ಸಿಂಗಟಗೆರೆಯ ಹತ್ತಿರದ ಒಂದು ಹಳ್ಳಿ. ತೆಂಗಿನ ತೋಟದವರು ನಾವು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಉರುಳಾಡುವ ಕಾಯಿಗಳನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಕೊಬ್ಬರಿ ತೆಗೆಯುವುದು ಮನೆಯ ಹೆಂಗಸರ ಕೆಲಸ. ಮಚ್ಚಿನ ಬೆನ್ನಿನಿಂದ ಹೊಡೆಯಬೇಕು. ಚಿಪ್ಪು ಒಡೆಯಬೇಕು, ಒಳಗಿನ ಗಿಟುಕಿಗೆ ಗಾಯವಾಗಬಾರದು. ಹೆಚ್ಚು ಹೊಡೆದರೆ ಕೊಬ್ಬರಿ ಹೋಳಾಗುತ್ತದೆ, ಅಂಥದ್ದಕ್ಕೆ ಬೆಲೆ ಇಲ್ಲ. ಮೆಲ್ಲಗೆ ಹೊಡೆದರೆ ಚಿಪ್ಪು ನಗುತ್ತ ಕೂತಿರುತ್ತದೆ. ಈ ಕೆಲಸವನ್ನು ನಾನು ಲಂಗ ಉಡುವ ವಯಸ್ಸಿನಿಂದ ಮಾಡಿದವಳು. ತೋಳಿನಿಂದ ಹೊಡೆಯುವುದಲ್ಲ ಅದು, ಮಣಿಕಟ್ಟಿನಿಂದ. ತೂಕವನ್ನು ಮಚ್ಚೇ ಹಾಕುತ್ತದೆ. ನಾವು ಎಲ್ಲಿಗೆ ಎಂದು ತೋರಿಸಬೇಕು ಅಷ್ಟೆ.

ಮೊಳೆ ಬಗ್ಗದೆ ಇಳಿಯಿತು. ಇನ್ನೊಂದು ಹೊಡೆದೆ, ಅದೂ ಇಳಿಯಿತು. ಅದರಿಂದ ನನಗಾದ ಸಂತೋಷ ಸ್ವಲ್ಪ ನಾಚಿಕೆಯಾಗುವಂಥದ್ದು. ಮೂರನೆಯದನ್ನು ಎತ್ತಿಕೊಳ್ಳುವಾಗ ಬಾಗಿಲಿಲ್ಲದ ಬಾಗಿಲವಾಡದಲ್ಲಿ ಅತ್ತೆ ನಿಂತಿರುವುದು ಕಂಡಿತು. ನಾನು ಸುತ್ತಿಗೆಯನ್ನು ಸೆರಗಿನಡಿಗೆ ಎಳೆದುಕೊಂಡೆ.

"ಬಚ್ಚಿಡ್ತೀಯ ಯಾಕೆ? ಇನ್ನೊಂದ್ ಹೊಡಿ, ನೋಡಾಣ" ಎಂದರು.

ಹೊಡೆದೆ. ಅವರು ಬಗ್ಗಿ ಮೊಳೆಯ ತಲೆಯನ್ನು ಹೆಬ್ಬೆರಳಿನಿಂದ ಸವರಿದರು. "ಕೈ ನೋವಾಯ್ತದಾ?" ಎಂದು ಕೇಳಿದರು.

"ಈ ಕಾವು ದಪ್ಪ ಅತ್ತೆ. ಹಿಡಿ ಸಾಲಲ್ಲ. ಇನ್ನೊಂಚೂರು ತೂಕ ಕಮ್ಮಿ ಇದ್ದು, ಕಾವು ಸಣ್ಣಗಿದ್ರೆ ಎಷ್ಟು ಬೇಕಾದ್ರೂ ಹೊಡೀಬೋದು."

ಆ ಸಂಜೆ ಮಗ ಮನೆಗೆ ಬಂದು ಕಾಲು ತೊಳೆದುಕೊಂಡು ಕೂತ ಮೇಲೆ ಅತ್ತೆ ಹೇಳಿದರು: "ತರೀಕೆರೇಲಿ ಮರಗೆಲಸದ ಸಾಮಾನಿಗೇಂತ ದೊಡ್ಡ ಅಂಗಡಿ ಅದೆಯಂತೆ. ನೀನ್ ರಜಾ ಹಾಕಿ ಹೋಗು. ಇವಳ್ನೂ ಕರ್ಕಂಡ್ ಹೋಗು."

"ಇವಳು ಯಾಕಮ್ಮ?"

"ಸುತ್ತಿಗೆ ಹಿಡ್ಯೋಳು ಅವಳು. ನಿನ್ ಕೈಗೆ ಕೂರೋ ಸುತ್ತಿಗೆ ತಗಂಡು ಏನ್ ಮಾಡ್ತೀಯ?"

ಯಜಮಾನರು ತಮ್ಮ ಕಟ್ಟು ಹಾಕಿದ ಹೆಬ್ಬೆರಳು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ಬೇಸರವಾಗುತ್ತದೆಂದು ನನಗೆ ಭಯವಿತ್ತು. ಆದರೆ ಅವರ ಮುಖದಲ್ಲಿ ಕಂಡದ್ದು ದೊಡ್ಡ ಭಾರ ಇಳಿಸಿದವರ ನೆಮ್ಮದಿ. "ಹೌದಾ? ನೀನು ಹೊಡೀತೀಯಾ?" ಎಂದು ಕೇಳಿದರು. "ತೋರ್ಸು ಮತ್ತೆ." ಹಿತ್ತಿಲಿನ ಒರಳುಕಲ್ಲಿನ ಪಕ್ಕ ರೀಪಿನ ತುಂಡಿಟ್ಟು ತೋರಿಸಿದೆ. ಅವರು ಪಾಠ ಕೇಳುವ ಹುಡುಗನ ಹಾಗೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು.

ತರೀಕೆರೆಯ ಬಸ್ಸಿಗೆ ಹೊರಟಾಗ ನಾನು ಒಂದು ಗೇಣುದ್ದದ ರೀಪಿನ ತುಂಡನ್ನೂ ಪಕಾಸಿ ಮರದ ಒಂದು ಚೂರನ್ನೂ ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಸೀರೆ ತೆಗೆಯುವುದಕ್ಕೆ ಹೋದರೆ ರವಿಕೆಯ ಬಣ್ಣಕ್ಕೆ ಹೊಂದಿಸಿ ನೋಡುವುದಿಲ್ಲವೇ, ಹಾಗೆ. ಬಸ್ಸಿನಲ್ಲಿ ಯಜಮಾನರು ಅದನ್ನು ಕಂಡು ಕಿಟಕಿಯ ಕಡೆ ತಿರುಗಿ ನಕ್ಕರು.

ಅಂಗಡಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ. ಬಾಗಿಲಲ್ಲೇ ಹಗ್ಗದ ಉಂಡೆಗಳು, ಗುದ್ದಲಿ, ಅಡಿಕೆ ಕೊಯ್ಯುವ ಕತ್ತಿಗಳು. ಒಳಗೆ ಎಣ್ಣೆ ಮತ್ತು ಕಬ್ಬಿಣದ ವಾಸನೆ. ಅಂಗಡಿಯವರು ವಯಸ್ಸಾದವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ಗಿರಾಕಿಗಳು ಏಳೆಂಟು ಜನ, ಎಲ್ಲ ಗಂಡಸರೇ. ಸುತ್ತಿಗೆ ಎಂದ ಕೂಡಲೇ ಅಂಗಡಿಯವರು ಮೂರು ನಾಲ್ಕು ತೆಗೆದು ಯಜಮಾನರ ಮುಂದಿಟ್ಟರು.

"ಅವರ ಕೈಗೆ ಕೊಡಿ" ಎಂದರು ಯಜಮಾನರು.

ಅಂಗಡಿಯವರು ಕನ್ನಡಕವನ್ನು ಮೂಗಿಗೆ ಇಳಿಸಿದರು. "ಬೆಲ್ಲ ಕುಟ್ಟಕ್ಕಾ ಅಮ್ಮಾ?"

"ಅಲ್ಲ, ರೀಪು ಹೊಡ್ಯಕ್ಕೆ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಆಗ ಯಜಮಾನರು, ಯಾವ ಕಾರಣವೂ ಇಲ್ಲದೆ, ಗೋಡೆಗೆ ತೂಗುಹಾಕಿದ್ದ ಬೀಗಗಳ ಹತ್ತಿರ ಹೋಗಿ ನನಗೂ ಆ ಗಂಡಸರಿಗೂ ಮಧ್ಯೆ ನಿಂತುಕೊಂಡು ಬೀಗಗಳ ವಿಚಾರವಾಗಿ ಅವರನ್ನು ಮಾತಿಗೆಳೆದರು. ಯಾವ ಬೀಗ ತುಕ್ಕು ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ. ನಮ್ಮ ಮನೆಗೆ ಆಗಿನ್ನೂ ಬಾಗಿಲೇ ಇರಲಿಲ್ಲ. ಆ ಉಪಕಾರವನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ, ಮರೆಯಲೂ ಇಲ್ಲ.

ಒಂದೊಂದಾಗಿ ಕೈಗೆ ತೆಗೆದುಕೊಂಡೆ. ಮೊದಲನೆಯದರ ತಲೆ ಭಾರ, ಎತ್ತಿದಾಗ ಮಣಿಕಟ್ಟನ್ನು ಹಿಂದಕ್ಕೆ ಎಳೆಯುತ್ತಿತ್ತು. ಇನ್ನೊಂದು ಹಗುರ, ಆದರೆ ಕಾವು ಕಬ್ಬಿಣದ್ದೇ, ಹೊಡೆದರೆ ಮೊಣಕೈವರೆಗೂ ಜುಂ ಎನ್ನುತ್ತಿತ್ತು. ಮತ್ತೊಂದರ ಮುಖ ಸ್ವಲ್ಪ ಓರೆ. ನಾನು ಚೀಲದಿಂದ ರೀಪಿನ ತುಂಡು ತೆಗೆದದ್ದು ಕಂಡು ಅಂಗಡಿಯವರು ಒಂದು ಮರದ ದಿಮ್ಮಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಕೊನೆಗೆ ಕೈಗೆ ಬಂದದ್ದು ಮಧ್ಯಮ ತೂಕದ್ದು, ಹಿಂದೆ ಮೊಳೆ ಕೀಳುವ ಕವಲು, ಮರದ ಕಾವು. ಹಿಡಿದ ಕೂಡಲೇ ಅದು ಮುಂದಕ್ಕೂ ಎಳೆಯಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ.

"ಇದು" ಎಂದೆ.

"ಕಾವು ದಪ್ಪ ಅನ್ನಿಸ್ತದಾ?"

"ಒಂಚೂರು."

"ಗಾಜಿನ ಚೂರಲ್ಲಿ ಹೆರ್ಕೊಳಿ. ಜಾಸ್ತಿ ಹೆರೀಬೇಡಿ, ಮುರೀತದೆ." ಮೊಳೆಯ ವಿಷಯಕ್ಕೆ ಅವರು ನನ್ನ ರೀಪಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಮತ್ತಿ ಸೀಳ್ತದೆ. ಎರಡೂವರೆ ಇಂಚು ಸಾಕು, ಸಣ್ಣ ಮೈಯಿಂದು. ತುದಿಗೆ ಹತ್ರ ಹೊಡೀಬೇಡಿ" ಎಂದರು. ಒಂದು ಮೊಳೆ ಹೊಡೆದು ನೋಡಿದೆ, ಮರ ಸೀಳಲಿಲ್ಲ. ಬೀಗದ ಕಡೆಯಿಂದ ಯಾರೋ "ಆಯಮ್ಮ ಗಟ್ಟಿಗಿತ್ತಿ ಕಣ್ರೀ" ಎಂದದ್ದು ಕೇಳಿಸಿತು. ಅದಕ್ಕೆ ಯಜಮಾನರು, "ಹೂಂ, ನಮ್ಮನೆಯೋರು" ಎಂದರು.

ಸುತ್ತಿಗೆ, ಮೊಳೆ ಕಟ್ಟಿಸಿಕೊಂಡು ಹೊರಬಂದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಯಜಮಾನರು ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಮದುವೆಯಾದ ಮೇಲೆ ನಾವಿಬ್ಬರೇ ಹೋಟೆಲಿನಲ್ಲಿ ಕೂತದ್ದು ಅದೇ ಮೊದಲು. ಫ್ಯಾಮಿಲಿ ರೂಮು ಎಂದು ಪರದೆ ಕಟ್ಟಿದ್ದ ಮೂಲೆಯಲ್ಲಿ ಮಸಾಲೆ ದೋಸೆ ಬಂತು. ಅವರ ಹೆಬ್ಬೆರಳು ಇನ್ನೂ ಊದಿಕೊಂಡಿದ್ದರಿಂದ ದೋಸೆ ಮುರಿಯಲು ಕಷ್ಟಪಡುತ್ತಿದ್ದರು. ನಾನು ಪರದೆಯ ಕಡೆ ಒಮ್ಮೆ ನೋಡಿ, ಮುರಿದು ಮುರಿದು ಅವರ ತಟ್ಟೆಗೆ ಹಾಕಿದೆ.

ಮಾಡಿನ ಮೇಲೆ ಹತ್ತುವುದು ಬೇರೆಯೇ ಮಾತು. ನೆಲದ ಮೇಲೆ ಕೂತು ಹೊಡೆಯುವುದಕ್ಕೂ ಪಕಾಸಿಯ ಮೇಲೆ ಕಾಲು ಚಾಚಿ ಕೂತು ಹೊಡೆಯುವುದಕ್ಕೂ ಬಹಳ ವ್ಯತ್ಯಾಸ. ಅತ್ತೆ ತಮ್ಮ ಹಳೆಯ ಹದಿನೆಂಟು ಮೊಳದ ಸೀರೆ ತೆಗೆದುಕೊಟ್ಟು ಕಚ್ಚೆ ಹಾಕಿಸಿದರು. ಸೊಂಟಕ್ಕೆ ಮೊಳೆಯ ಚೀಲ ಕಟ್ಟಿದರು. ಅದಕ್ಕೂ ಮುಂಚೆ ಅಷ್ಟೂ ಮೊಳೆಗಳನ್ನು ಒಂದು ಕರಟದಲ್ಲಿ ಹರಳೆಣ್ಣೆ ಹಾಕಿ ಅದರಲ್ಲಿ ಹೊರಳಾಡಿಸಿ ಇಟ್ಟಿದ್ದರು. "ಕೂದಲು ಸಿಕ್ಕು ಬಿಡಿಸಕ್ಕೆ ಎಣ್ಣೆ ಹಾಕ್ತೀವಿ, ಮರಕ್ಯಾಕೆ ಬೇಡ?" ಎಂದರು. ನಿಜವಾಗಿ ಅದರಿಂದ ಬಹಳ ಅನುಕೂಲವಾಯಿತು. ಎಣ್ಣೆ ಬಿದ್ದ ಮೊಳೆ ಮತ್ತಿಯೊಳಗೆ ಸದ್ದಿಲ್ಲದೆ ಇಳಿಯುತ್ತಿತ್ತು.

ಯಜಮಾನರದು ಅಳತೆಯ ಕೆಲಸ. ಹೆಂಚಿನ ಅಳತೆಗೆ ಒಂದು ಕಡ್ಡಿ ಕತ್ತರಿಸಿಕೊಂಡು, ಪ್ರತಿ ಪಕಾಸಿಯ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ರೀಪನ್ನು ಹಿಡಿದು ಕೂರುವರು. ನಾನು ಹೊಡೆಯುವೆ. ಬೆಳಗ್ಗೆ ಸ್ಕೂಲಿಗೆ ಮುಂಚೆ ಒಂದಷ್ಟು, ಸಂಜೆ ಒಂದಷ್ಟು. ಮೇಲಿನಿಂದ ಅಜ್ಜಂಪುರದ ಹೆಂಚುಗಳೂ, ಕಣಗಳೂ, ಎರೆಹೊಲಗಳೂ ಕಾಣುತ್ತಿದ್ದವು. ರೈಲು ಬಂದಾಗ ಇಬ್ಬರೂ ಕೆಲಸ ನಿಲ್ಲಿಸಿ ನೋಡುತ್ತಿದ್ದೆವು. ನಮ್ಮಿಬ್ಬರಿಗೆ ಹಾಗೆ ಪಕ್ಕಪಕ್ಕ ಕೂತು ಮಾತಾಡಲು ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಯಾವತ್ತೂ ಅವಕಾಶ ಸಿಕ್ಕಿರಲಿಲ್ಲ.

ಒಂದು ರೀಪು ಓರೆಯಾಯಿತು. ಅದರ ಮೇಲೆ ಜಗಳವೂ ಆಯಿತು.

"ನೀನು ಹೊಡೆಯೋವಾಗ ಜರುಗ್ತು" ಎಂದರು ಅವರು.

"ನೀವು ರೈಲು ನೋಡ್ತಿದ್ರಿ. ಕೈ ಸಡಿಲ ಬಿಟ್ರಿ."

"ರೈಲು ಹೋಗಿ ಆಗ್ಲೇ ಎಷ್ಟೊತ್ತಾಯ್ತು."

"ಹೋದ್ ಮೇಲೂ ನೋಡ್ತಿದ್ರಿ."

ಸುತ್ತಿಗೆಯ ಕವಲನ್ನು ಮೊಳೆಯ ತಲೆಗೆ ಸಿಕ್ಕಿಸಿ ಒಂದೊಂದೇ ಕಿತ್ತೆ. ಕಿತ್ತ ಮೊಳೆಗಳನ್ನು ಅವರು ಜೇಬಿಗೆ ಹಾಕಿಕೊಂಡು, ಮರೆತು ಸ್ಕೂಲಿಗೆ ಹೋಗಿ, ಸಂಜೆ ಹರಿದ ಜೇಬಿನೊಡನೆ ಬಂದರು.

ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅತ್ತೆ ಜಗಲಿಕಟ್ಟೆಯ ಮೇಲೆ ಅವರೆಕಾಳು ಹಿಸುಕುತ್ತಲೋ ಅಕ್ಕಿ ಆರಿಸುತ್ತಲೋ ಕಾವಲಿಗೆ ಕೂತಿರುತ್ತಿದ್ದರು. ಒಂದು ದಿನ ಊರಿನ ಹಿರಿಯರೊಬ್ಬರು ಕೋಲೂರಿ ನಿಂತು, "ಏನಮ್ಮಾ, ಸೊಸೇನ ಮಾಡಿನ್ ಮೇಲೆ ಹತ್ತಿಸ್ಬಿಟ್ಟಿದ್ದೀರಿ. ಚೆನ್ನಾಗಿರ್ತದಾ?" ಎಂದು ಕೇಳಿದರು.

"ಚೆನ್ನಾಗಿ ಹೊಡೀತಾಳಪ್ಪ" ಎಂದರು ಅತ್ತೆ. "ನಿಮ್ಮನೇಲಿ ಯಾರಾದ್ರೂ ಬಿಡುವಾಗಿದ್ರೆ ಕಳ್ಸಿ. ಇವಳ್ನ ಇಳಿಸಿ ಅಡುಗೆಗೆ ಹಚ್ತೀನಿ."

ಹಿರಿಯರು ಕೋಲೂರುತ್ತ ಮುಂದೆ ಹೋದರು. ಯಾರನ್ನೂ ಕಳಿಸಲಿಲ್ಲ. ಆದರೆ ಹೆಂಚು ಏರಿಸುವ ದಿನ ಅವರ ಮನೆಯಿಂದ ಇಬ್ಬರು ಬಂದರು, ಅದನ್ನೂ ಹೇಳಬೇಕು.

ರೀಪೆಲ್ಲ ಮುಗಿದಾಗ ಆಚಾರಿಯವರು ಕೊರಳಿಗೆ ಕೈ ಕಟ್ಟಿಕೊಂಡೇ ನೋಡಲು ಬಂದರು. ಏಣಿ ಹತ್ತಲಾರದೆ ಕೆಳಗಿನಿಂದಲೇ ಸುತ್ತು ಹಾಕಿದರು. "ಹೊಡೆದಿರೋದು ಗಟ್ಟಿಯಾಗೇ ಅದೆ" ಎಂದರು. ಆಮೇಲೆ ಸೂರಿನ ಅಂಚಿಗೆ ಬಂದು ತಲೆಯಾಡಿಸಿದರು. "ಈ ಮೊದಲ್ನೇ ಸಾಲು ಒಂದರ ಮೇಲೊಂದು ಎರಡು ರೀಪು ಬರ್ಬೇಕಿತ್ತು. ಇಲ್ದಿದ್ರೆ ತುದಿ ಹೆಂಚು ಮೂತಿ ಬಗ್ಗಿಸ್ತದೆ. ಹೇಳೋದು ಮರ್ತೆ ಕಣ್ ಮೇಷ್ಟ್ರೇ."

"ಎರಡು ರೀಪು ಅಂದ್ರೆ ಎರಡೂವರೆ ಇಂಚು ಮೊಳೆ ಸಾಲಲ್ಲ, ಅಲ್ವಾ?" ಎಂದರು ಯಜಮಾನರು.

"ಸಾಲಲ್ಲ. ನಾಲ್ಕಿಂಚು ಬೇಕು."

ಯಜಮಾನರು ಮನೆಯೊಳಗೆ ಹೋಗಿ ಕಡೂರಿನ ಮೊಳೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ ರೀತಿ ನೋಡಬೇಕಿತ್ತು. ದೇವರಿಗೆ ಹಣ್ಣುಕಾಯಿ ತಂದಂತೆ. ಸೀಳದಿರಲೆಂದು ಆಚಾರಿಯವರ ಬೈರಿಗೆಯಿಂದ ಮೊದಲು ತೂತು ಕೊರೆದು, ಆ ಒಂದು ಸಾಲನ್ನು ಅವೇ ಮೊಳೆಗಳಿಂದ ಹೊಡೆದೆ. ಯಜಮಾನರು ಪ್ರತಿಯೊಂದನ್ನೂ ತಾವೇ ಎಣ್ಣೆಗೆ ಅದ್ದಿ ಕೊಟ್ಟರು.

ಹೆಂಚು ಏರಿದ ದಿನ ಬೀದಿಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಮಧ್ಯಾಹ್ನಕ್ಕೆ ಅತ್ತೆ ಪಾಯಸ ಮಾಡಿದ್ದರು. ಕೆಲವು ದಿನಗಳ ಮೇಲೆ ಮಳೆ ಬಂತು. ಅಡುಗೆಮನೆಯ ಮೂಲೆಯಲ್ಲಿ ಒಂದೆಡೆ ತೊಟ್ಟಿಕ್ಕಿತು, ಒಂದು ಹೆಂಚು ಸರಿಸಿದರೆ ಅದೂ ನಿಂತಿತು. ಗೋಡೆಗಳು ನೆನೆಯಲಿಲ್ಲ.

ಆಚಾರಿಯವರ ಕೈ ಕೂಡಿಕೊಂಡಿತು, ಆದರೆ ಮೊದಲಿನ ಬಲ ಬೇಗ ಬರಲಿಲ್ಲ. ಅವರು ಒಂದು ಬೆಳಗ್ಗೆ ಬಂದು, ಸಂಕೋಚದಿಂದ, "ತಾಯಿ, ನಿಮ್ ಸುತ್ತಿಗೆ ಕೊಟ್ಟಿರಿ. ನಂದು ಭಾರ ಅನ್ನಿಸ್ತದೆ" ಎಂದರು. ಕೊಡಲು ನನಗೆ ಮನಸ್ಸಿರಲಿಲ್ಲ, ಕೊಟ್ಟೆ. ನಮ್ಮ ಬಾಗಿಲು ಕಿಟಕಿಗಳನ್ನೆಲ್ಲ ಅವರು ಅದರಿಂದಲೇ ಕೂರಿಸಿದರು. ಕೆಲಸ ಮುಗಿದ ದಿನ ಅದನ್ನು ಒರೆಸಿ, ಸಡಿಲವಾಗಿದ್ದ ಕಾವಿಗೆ ಹೊಸ ಚಕ್ಕೆ ಬಡಿದು, ನನ್ನ ಕೈಗೇ ಕೊಟ್ಟರು.

ಗೃಹಪ್ರವೇಶವಾದ ಮೇಲೆ ಮನೆಯಲ್ಲಿ ಎಲ್ಲೆಲ್ಲಿ ಏನು ತೂಗುಹಾಕಬೇಕೋ ಅಲ್ಲೆಲ್ಲ ಮೊಳೆ ಹೊಡೆಯುವುದು ನನ್ನ ಪಾಲಾಯಿತು. ದೇವರ ಪಟ, ಕ್ಯಾಲೆಂಡರ್, ಯಜಮಾನರ ಕೊಡೆ. ಅತ್ತೆಯ ಮಂಚದ ಪಕ್ಕ ಅವರ ಎಲೆಅಡಿಕೆ ಸಂಚಿಗೆ ಒಂದು ಮೊಳೆ ಬೇಕಾಗಿತ್ತು. ಅಲ್ಲಿ ಬಾಗಿಲವಾಡದ ಮರವಿತ್ತು. ನಾನು ಹೊಡೆಯಲು ಹೋದಾಗ ಅವರು ಕೈ ಚಾಚಿದರು. "ಇದೊಂದು ನಾನು ಹೊಡೀತೀನಿ ಕಣೇ. ತೋರ್ಸಿಕೊಡು."

ಅವರ ಕೈ ಮೇಲೆ ನನ್ನ ಕೈ ಇಟ್ಟು ಹಿಡಿಯುವುದನ್ನು ತೋರಿಸಿದೆ. ಕಾವಿನ ತುದಿಗೆ ಹಿಡಿಯಬೇಕು, ಕೊರಳಿಗಲ್ಲ. ಮೊದಲು ಮೆಲ್ಲಗೆ ನಿಲ್ಲಿಸಿಕೊಳ್ಳಬೇಕು. ಅವರು ನನ್ನ ಕೈ ಸರಿಸಿ ತಾವೇ ಹೊಡೆದರು. ಮೊದಲೆರಡು ಏಟು ನೇರವಾಗಿ ಬಿದ್ದವು. ಮೂರನೆಯದಕ್ಕೆ ಮೊಳೆ ಎಡಕ್ಕೆ ವಾಲಿತು, ನಾಲ್ಕನೆಯದಕ್ಕೆ ಪೂರಾ ಬಗ್ಗಿತು.

"ಕಿತ್ತು ಬೇರೆ ಹೊಡೀತೀನಿ ಅತ್ತೆ" ಎಂದೆ.

"ಬ್ಯಾಡ, ಬಿಡು. ನಂಗೆ ಸಾಕು."

ಸಂಚಿಯನ್ನು ಅದಕ್ಕೆ ತೂಗುಹಾಕಿದರು. ಅದು ಜಾರಿ ಬಿತ್ತು. ಎತ್ತಿ, ದಾರವನ್ನು ಎರಡು ಸುತ್ತು ಸುತ್ತಿ ಮತ್ತೆ ಹಾಕಿದರು. ಈ ಸಲ ನಿಂತಿತು. ಸುತ್ತಿಗೆಯನ್ನು ನನಗೆ ಕೊಟ್ಟು, ಮಂಚದ ಮೇಲೆ ಕೂತು, ಸಂಚಿಯೊಳಗೆ ಕೈ ಹಾಕಿ ಅಡಿಕೆ ಹುಡುಕತೊಡಗಿದರು.